ಬೇಟೆ ಬಿಟ್ಟು ಎದ್ದುಹೋಗುವ ಹುಲಿ

ಕಾಡು ಸುತ್ತಿ ಬಂದವರು ನನ್ನೆದುರು ಬೇಸರದಿಂದ ಹೇಳುವ ಒಂದು ಮಾತಿದೆ. “ಮುಕ್ಕಾಲು ಗಂಟೆ ಹುಲ್ಲಿನಲ್ಲಿ ಹೊಂಚು ಹಾಕಿ ಕೂತಿತ್ತು ಡಾಕ್ಟ್ರೇ. ಕಡವೆ ಇನ್ನೇನು ಹತ್ತಿರ ಬಂತು ಅನ್ನುವಷ್ಟರಲ್ಲಿ ಎದ್ದು ಮೈಮುರಿದು ಹೊರಟೇಹೋಯಿತು. ಹೊಟ್ಟೆ ತುಂಬಿತ್ತೇನೋ!”

ಹೊಟ್ಟೆ ತುಂಬಿದ ಹುಲಿ ನೆರಳಲ್ಲೋ ನೀರಲ್ಲೋ ಬಿದ್ದುಕೊಂಡಿರುತ್ತದೆ. ಮುಕ್ಕಾಲು ಗಂಟೆ ನೆಲಕ್ಕೆ ಎದೆ ತಾಗಿಸಿಕೊಂಡು ಕೂರುವ ಕಷ್ಟ ಅದಕ್ಕೆ ಬೇಕಿರುವುದಿಲ್ಲ. ಅವರು ನೋಡಿದ ಹುಲಿ ಬಹುಶಃ ಹಸಿದೇ ಕೂತಿತ್ತು, ಹಸಿದೇ ಎದ್ದುಹೋಯಿತು. ಸತ್ತ ಹುಲಿಗಳ ಮೈ ಬಿಡಿಸಿ ಕಾರಣ ಹುಡುಕುವುದು ನನ್ನ ಕೆಲಸದ ಒಂದು ಭಾಗ. ಆ ಕೆಲಸ ಮಾಡುತ್ತ ಮಾಡುತ್ತ, ಹಾಗೆ ಎದ್ದುಹೋದ ಹುಲಿಯ ಲೆಕ್ಕಾಚಾರ ನನಗೆ ಅರ್ಥವಾಗತೊಡಗಿತು.

ಮೊದಲು ಹೊಟ್ಟೆಯ ಲೆಕ್ಕ ನೋಡೋಣ. ಬೆಳೆದ ಹುಲಿಗೆ ಸುಮಾರು ವಾರಕ್ಕೊಂದು ದೊಡ್ಡ ಪ್ರಾಣಿ ಸಿಗಬೇಕು. ವರ್ಷಕ್ಕೆ 40ರಿಂದ 50. ಮರಿಗಳಿರುವ ತಾಯಿಗೆ ಇದಕ್ಕಿಂತಲೂ ಹೆಚ್ಚು. ಆದರೆ ಹೊಂಚು ಹಾಕಿದ್ದೆಲ್ಲ ಕೈಗೆ ಸಿಗುವುದಿಲ್ಲ. 1960ರ ದಶಕದಲ್ಲಿ ಮಧ್ಯಪ್ರದೇಶದ ಕಾನ್ಹಾ ಕಾಡಿನಲ್ಲಿ ಹುಲಿಗಳ ಹಿಂದೆ ಬಿದ್ದು ಅಧ್ಯಯನ ಮಾಡಿದ ಜಾರ್ಜ್ ಶಾಲರ್, ಹತ್ತರಿಂದ ಇಪ್ಪತ್ತು ಪ್ರಯತ್ನಕ್ಕೆ ಒಂದು ಬೇಟೆ ಕೂಡಿಬರಬಹುದು ಎಂದು ಅಂದಾಜಿಸಿದ್ದರು. ರಷ್ಯಾದ ಪೂರ್ವ ತುದಿಯಲ್ಲಿ ಹಿಮದ ಮೇಲಿನ ಹೆಜ್ಜೆ ಓದುತ್ತ ಹೋದವರಿಗೆ ಇದಕ್ಕಿಂತ ಹೆಚ್ಚು ಯಶಸ್ಸು ಕಂಡಿದೆ. ಕಾಡು, ಋತು, ಪ್ರಾಣಿ ಯಾವುದು ಎಂಬುದರ ಮೇಲೆ ಸಂಖ್ಯೆ ಬದಲಾಗುತ್ತದೆ. ಹೇಗೆ ಲೆಕ್ಕ ಹಾಕಿದರೂ, ಬರಿಗೈಯಲ್ಲಿ ಮರಳುವುದು ಹುಲಿಗೆ ದಿನನಿತ್ಯದ ಪಾಡು.

ಇನ್ನೊಂದು ಸಂಗತಿ ಇದಕ್ಕಿಂತ ಮುಖ್ಯ. ಸಿಂಹಿಣಿಯ ಕಾಲು ಉಳುಕಿದರೆ ಗುಂಪಿನವರು ಹೊಡೆದ ಬೇಟೆಯಲ್ಲಿ ಅದಕ್ಕೂ ಒಂದು ಪಾಲು ಸಿಕ್ಕೀತು. ಸೀಳುನಾಯಿಗೂ ಹಿಂಡಿನ ಆಸರೆಯಿದೆ. ಹುಲಿ ಒಂಟಿ. ಅದರ ಕಾಲು ಮುರಿದರೆ, ಕೋರೆಹಲ್ಲು ಮುರಿದರೆ, ತಂದುಕೊಡುವವರು ಯಾರೂ ಇಲ್ಲ. ಗಾಯ ಮಾಯಲು ಮೂರು ವಾರ ಬೇಕೆಂದರೆ ಮೂರು ಊಟ ಹೋದಂತೆ. ಮೂರು ಊಟ ಹೋದ ಮೈಯಲ್ಲಿ ನಾಲ್ಕನೆಯದನ್ನು ಹಿಡಿಯುವ ಕಸುವು ಉಳಿದಿರುವುದಿಲ್ಲ. ಹುಲಿಯ ಬೇಟೆಯ ಪ್ರತಿ ಹಂತದಲ್ಲೂ ನನಗೆ ಕಾಣುವುದು ಗಾಯದ ಈ ಭಯವೇ.

ಹೊಂಚನ್ನೇ ತೆಗೆದುಕೊಳ್ಳಿ. ಹುಲಿ ತುಂಬ ದೂರ ಓಡಲಾರದು. ಆದ್ದರಿಂದ ಓಡುವ ದೂರವನ್ನು ತೆವಳಿಯೇ ಕಡಿಮೆ ಮಾಡಿಕೊಳ್ಳುತ್ತದೆ. ಮುಂಗಾಲಿಟ್ಟ ಜಾಗದಲ್ಲೇ ಹಿಂಗಾಲು ಬೀಳುತ್ತದೆ, ಒಣ ಎಲೆಯ ಸದ್ದು ಅಷ್ಟರಮಟ್ಟಿಗೆ ಕಡಿಮೆ. ಉಗುರು ಒಳಗೆ, ಮೆತ್ತೆ ಹೊರಗೆ. ಜಿಂಕೆ ತಲೆ ಎತ್ತಿದರೆ ಹುಲಿ ಇದ್ದಲ್ಲೇ ಕಲ್ಲಾಗುತ್ತದೆ, ಎತ್ತಿದ ಪಾದ ಗಾಳಿಯಲ್ಲೇ ನಿಲ್ಲುತ್ತದೆ. ಇಷ್ಟು ಗಾಢ ಕಿತ್ತಳೆ ಬಣ್ಣದ ಪ್ರಾಣಿ ಹಸಿರಿನ ನಡುವೆ ಜಿಂಕೆಯ ಕಣ್ಣಿಗೆ ಬೀಳುವುದಿಲ್ಲವೇ ಎಂದು ಅನೇಕರು ಕೇಳುತ್ತಾರೆ. ಬಣ್ಣ ಗುರುತಿಸುವ ಮೂರು ಬಗೆಯ ಕೋಶಗಳು ನಮ್ಮ ಕಣ್ಣಿನಲ್ಲಿವೆ, ಜಿಂಕೆಯ ಕಣ್ಣಿನಲ್ಲಿ ಎರಡೇ. ಕಿತ್ತಳೆಯನ್ನು ಹಸಿರಿನಿಂದ ಬೇರ್ಪಡಿಸಿ ನೋಡಲು ಅದಕ್ಕೆ ಆಗುವುದಿಲ್ಲ. ಸಾಲದ್ದಕ್ಕೆ ಕಪ್ಪು ಪಟ್ಟೆಗಳು ಮೈಯ ಅಂಚನ್ನೇ ಒಡೆದುಹಾಕಿ ಹುಲ್ಲಿನ ನೆರಳಿನೊಳಗೆ ಸೇರಿಸಿಬಿಡುತ್ತವೆ.

ಹತ್ತಿಪ್ಪತ್ತು ಮೀಟರ್ ಹತ್ತಿರ ಬಂದ ಮೇಲಷ್ಟೇ ನೆಗೆತ. ಅದು ಕೆಲವೇ ಸೆಕೆಂಡುಗಳ ಮಾತು. ಅದಕ್ಕೆ ಮುಂಚೆಯೇ ಮರದ ಮೇಲಿನ ಮುಸುವ ಕೂಗಿತು, ಜಿಂಕೆ ಕಾಲು ಅಪ್ಪಳಿಸಿತು, ಕಡವೆ ಬಾಲ ಎತ್ತಿ ‘ಢಾಂಕ್’ ಎಂದಿತು ಎಂದರೆ ಆಟ ಮುಗಿಯಿತು. ಆ ಕೂಗು ತನ್ನ ಬಳಗಕ್ಕೆ ಎಚ್ಚರಿಕೆ, ಹುಲಿಗೆ ‘ನಿನ್ನನ್ನು ಕಂಡೆ’ ಎಂಬ ಸುದ್ದಿ. ಕಂಡ ಮೇಲೆ ಅಟ್ಟಿಸಿಕೊಂಡು ಹೋದರೆ ಏನಾಗುತ್ತದೆ? ಜಿಂಕೆ ತಪ್ಪಿಸಿಕೊಳ್ಳುತ್ತದೆ, ಇಲ್ಲವೇ ಮೂಲೆಗೆ ಸಿಕ್ಕು ಕೊಂಬು ತಿರುಗಿಸುತ್ತದೆ. ಎರಡರಲ್ಲೂ ಹುಲಿಗೆ ನಷ್ಟ. ಅದಕ್ಕೇ ಎದ್ದು ಮೈಮುರಿದು ಬೇರೆ ದಾರಿ ಹಿಡಿಯುತ್ತದೆ.

ಇಲ್ಲಿ ಒಂದು ಮಾತನ್ನು ಹೇಳಿಯೇ ಮುಂದೆ ಹೋಗಬೇಕು. ಮುಕ್ಕಾಲು ಗಂಟೆ ಕಾದು ಎದ್ದುಹೋದ ಆ ಹುಲಿಯ ಕಥೆ ಹೇಳುವವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: “ಆಗ ಅಲ್ಲಿ ಎಷ್ಟು ಗಾಡಿಗಳಿದ್ದವು?” ಕಡವೆ ನೋಡಿದ್ದು ಬಹಳ ಸಲ ಹುಲಿಯನ್ನಲ್ಲ, ಹುಲಿಯತ್ತಲೇ ಮುಖ ಮಾಡಿ ನಿಂತ ಜೀಪುಗಳನ್ನು. ಒಂದು ಬೆಳಗಿನ ಹೊಂಚು ಹಾಳಾಯಿತೆಂದರೆ ನಮಗೆ ಒಂದು ಫೋಟೊ ತಪ್ಪಿತು. ಮರಿಗಳನ್ನು ಪೊದೆಯಲ್ಲಿ ಬಿಟ್ಟು ಬಂದ ಹೆಣ್ಣುಹುಲಿಗೆ ಅದು ಇನ್ನೂ ಒಂದು ರಾತ್ರಿಯ ಅಲೆದಾಟ. ಗಾಡಿ ನಿಲ್ಲಿಸಿ, ಇಂಜಿನ್ ಆರಿಸಿ, ದೂರ ಉಳಿಯಿರಿ ಎಂದು ನಾವು ಗೋಗರೆಯುವುದು ಈ ಕಾರಣಕ್ಕೆ.

ಬೇಟೆ ಸಿಕ್ಕಿತು ಎಂದೇ ಇಟ್ಟುಕೊಳ್ಳಿ. ಕಚ್ಚುವುದರಲ್ಲೂ ಅದೇ ಎಚ್ಚರ. ಚಿಕ್ಕ ಪ್ರಾಣಿಯಾದರೆ ಕತ್ತಿನ ಹಿಂಭಾಗಕ್ಕೆ ಬಾಯಿ ಹಾಕಿ ಬೆನ್ನುಮೂಳೆ ಮುರಿಯುತ್ತದೆ. ದೊಡ್ಡದಾದರೆ ಗಂಟಲು. ಹೆಣ್ಣುಹುಲಿಯ ತೂಕ ಹೆಚ್ಚೆಂದರೆ 160 ಕಿಲೊ ಆಸುಪಾಸು, ಗಂಡು 200 ಕಿಲೊ ದಾಟೀತು. ಎದುರಿಗಿರುವ ಗಂಡು ಕಾಟಿ, ಅಂದರೆ ಕಾಡುಕೋಣ, ಒಂದು ಟನ್ ಹತ್ತಿರ ತೂಗುತ್ತದೆ. ಗಂಟಲು ಹಿಡಿದು ನೆಲಕ್ಕೆ ಕೆಡವಿದರೆ ಹುಲಿಯ ಮೈ ಕೊಂಬಿನ ಆಚೆಗೂ ಗೊರಸಿನ ಆಚೆಗೂ ಉಳಿಯುತ್ತದೆ. ಬಿದ್ದ ಪ್ರಾಣಿ ಒದ್ದಾಡುವುದನ್ನು ನಿಲ್ಲಿಸಿದ ಮೇಲೂ ಹುಲಿ ಕೆಲವು ನಿಮಿಷ ಹಿಡಿತ ಬಿಡುವುದಿಲ್ಲ. ಸತ್ತಿದೆ ಎಂದು ಖಚಿತವಾಗುವವರೆಗೂ ಆ ಗೊರಸು ಅದರ ದವಡೆ ಮುರಿಯಬಲ್ಲದು.

ಹುಲಿ ಹಿಡಿದ ಹಸುವನ್ನು ಪರೀಕ್ಷಿಸುವಾಗ ನಾವು ಗಂಟಲ ಚರ್ಮವನ್ನು ಬಿಡಿಸಿ ನೋಡುತ್ತೇವೆ. ಹೊರಗೆ ನಾಲ್ಕು ಸಣ್ಣ ತೂತುಗಳು ಮಾತ್ರ ಕಾಣುತ್ತವೆ. ಒಳಗೆ ಚರ್ಮದಡಿ ಅಂಗೈಯಗಲ ರಕ್ತ ಹೆಪ್ಪುಗಟ್ಟಿ ಕಪ್ಪಾಗಿದ್ದರೆ, ಕಚ್ಚಿದಾಗ ಹಸು ಬದುಕಿತ್ತು ಎಂದರ್ಥ. ತೂತಿದೆ, ರಕ್ತ ಹೆಪ್ಪುಗಟ್ಟಿಲ್ಲ ಎಂದಾದರೆ ಹಸು ಬೇರೆ ಕಾರಣಕ್ಕೆ ಸತ್ತು, ಹುಲಿ ಆಮೇಲೆ ಬಂದಿದೆ. ಮೇಲಿನ ಎರಡು ಕೋರೆಗಳ ನಡುವಿನ ಅಂತರ ಚಿರತೆಯೋ ಹುಲಿಯೋ ಎಂಬುದನ್ನು ಹೇಳುತ್ತದೆ. ತಿಂದ ಕ್ರಮವೂ ಅಷ್ಟೇ. ಹುಲಿ ಸಾಮಾನ್ಯವಾಗಿ ಹಿಂಭಾಗದಿಂದ, ತೊಡೆಯ ಕಡೆಯಿಂದ ಶುರು ಮಾಡುತ್ತದೆ. ಹುಲ್ಲು ತುಂಬಿದ ಹೊಟ್ಟೆಚೀಲವನ್ನು ಎಳೆದು ಪಕ್ಕಕ್ಕೆ ಹಾಕುತ್ತದೆ. ಮಿಕ್ಕಿದ್ದನ್ನು ಪೊದೆಯೊಳಗೆ ಎಳೆದೊಯ್ದು, ಕೆಲವೊಮ್ಮೆ ಮೇಲೆ ತರಗೆಲೆ ಕೆದರಿ ಮುಚ್ಚುತ್ತದೆ.

ಅಪಾಯವಿದ್ದೂ ಹುಲಿ ದೊಡ್ಡ ಪ್ರಾಣಿಗೇ ಏಕೆ ಕೈಹಾಕುತ್ತದೆ? ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿಗಳಾದ ಉಲ್ಲಾಸ ಕಾರಂತ ಮತ್ತು ಮೆಲ್ ಸನ್‌ಕ್ವಿಸ್ಟ್ ಮಾಡಿ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಹುಲಿ ಕೊಂದ ಪ್ರಾಣಿಗಳ ಸರಾಸರಿ ತೂಕ 91.5 ಕಿಲೊ ಇತ್ತು. ಅದೇ ಕಾಡಿನ ಚಿರತೆ ಮತ್ತು ಸೀಳುನಾಯಿಗಳ ಬೇಟೆ ಅದರ ಅರ್ಧದಷ್ಟೂ ತೂಗುತ್ತಿರಲಿಲ್ಲ. ಇಂಥ ಲೆಕ್ಕಕ್ಕೆ ಬೇಟೆಯ ಅವಶೇಷಗಳ ಜೊತೆಗೆ ಹುಲಿಯ ಹಿಕ್ಕೆಯೂ ಆಧಾರ. ನುಂಗಿದ ಕೂದಲು ಕರಗದೆ ಹೊರಬರುತ್ತದೆ. ಅದನ್ನು ತೊಳೆದು ಸೂಕ್ಷ್ಮದರ್ಶಕದ ಕೆಳಗಿಟ್ಟರೆ ಕಡವೆಯದೋ ಹಂದಿಯದೋ ಎಂದು ಗುರುತು ಸಿಗುತ್ತದೆ. ಒಂದು ಕಡವೆ ಸಿಕ್ಕರೆ ಹುಲಿ ಮೂರ್ನಾಲ್ಕು ದಿನ ಅಲ್ಲೇ ಉಳಿದು ತಿನ್ನುತ್ತದೆ. ಅಷ್ಟು ದಿನ ಮತ್ತೆ ಹೊಂಚಿಲ್ಲ, ನೆಗೆತವಿಲ್ಲ, ಕೊಂಬಿನ ಭಯವಿಲ್ಲ. ಅದೇ ಮಾಂಸವನ್ನು ಚಿಕ್ಕ ಪ್ರಾಣಿಗಳಿಂದ ಕೂಡಿಸಬೇಕೆಂದರೆ ಎಷ್ಟು ಸಲ ಹೊಂಚು ಹಾಕಬೇಕು, ಎಷ್ಟು ಸಲ ಬರಿಗೈಯಲ್ಲಿ ಏಳಬೇಕು!

ಈ ಲೆಕ್ಕ ತಪ್ಪಿದರೆ ಏನಾಗುತ್ತದೆ ಎಂಬುದನ್ನು ಒಂದು ಹೆಣ್ಣುಹುಲಿಯ ಮೈಯಲ್ಲಿ ನಾನು ಓದಿದ್ದೇನೆ. ನಮ್ಮ ದೇಶದಲ್ಲಿ ಹುಲಿ ಸತ್ತರೆ, ಬೇರೆ ಕಾರಣ ಸಾಬೀತಾಗುವವರೆಗೂ ಅದನ್ನು ಕಳ್ಳಬೇಟೆ ಎಂದೇ ಭಾವಿಸಬೇಕೆಂಬುದು ರಾಷ್ಟ್ರೀಯ ಹುಲಿ ಸಂರಕ್ಷಣಾ ಪ್ರಾಧಿಕಾರದ ನಿಯಮ. ಆದ್ದರಿಂದ ಮೊದಲು ಗುಂಡು ಹುಡುಕಿದೆವು, ಕುತ್ತಿಗೆ ಸೊಂಟಗಳಲ್ಲಿ ಉರುಳಿನ ಗುರುತು ಹುಡುಕಿದೆವು. ಏನೂ ಇರಲಿಲ್ಲ. ಬಲ ಮುಂಗಾಲಿನ ಪಾದ ಮಾತ್ರ ಇನ್ನೊಂದರ ಒಂದೂವರೆ ಪಟ್ಟು ಊದಿತ್ತು. ಮೆತ್ತೆಗಳ ನಡುವೆ ಕೊಯ್ದಾಗ ಕೀವು ಚಿಮ್ಮಿತು. ಕೀವಿನೊಳಗೆ ಮುಳ್ಳುಹಂದಿಯ ಮುಳ್ಳಿನ ತುಂಡುಗಳು, ಒಂದು ಮಣಿಕಟ್ಟಿನ ಕೀಲಿನವರೆಗೂ ಹೋಗಿ ನಿಂತಿತ್ತು. ಹಲ್ಲುಗಳು ಗಟ್ಟಿಯಾಗಿದ್ದವು. ಮುದಿಯಲ್ಲ. ಮೂತ್ರಪಿಂಡದ ಸುತ್ತ ಇರಬೇಕಾದ ಕೊಬ್ಬು ಎಳ್ಳಷ್ಟೂ ಇರಲಿಲ್ಲ. ತೊಡೆಮೂಳೆ ಒಡೆದರೆ ಬೆಣ್ಣೆಯಂತೆ ಬಿಳಿಯಾಗಿರಬೇಕಾದ ಮಜ್ಜೆ ಕೆಂಪು ಲೋಳೆಯಾಗಿತ್ತು. ಮೈ ತನ್ನ ಕೊನೆಯ ಉಳಿತಾಯವನ್ನೂ ಉರಿಸಿಕೊಂಡಾಗ ಹಾಗಾಗುತ್ತದೆ. ಹೊಟ್ಟೆಯಲ್ಲಿ ಒಂದು ಹಿಡಿ ಹುಲ್ಲಿತ್ತು. ಹುಲಿ ಹಸಿದರೂ ಹುಲ್ಲು ತಿನ್ನದು ಎಂಬ ಗಾದೆ ನಮ್ಮಲ್ಲಿದೆ. ಹುಲಿ ಆಗಾಗ ಹುಲ್ಲು ಜಗಿಯುವುದು ಸಹಜ, ಹಿಕ್ಕೆಯಲ್ಲೂ ಕಾಣಸಿಗುತ್ತದೆ. ಆದರೂ ಬೇರೇನೂ ಇಲ್ಲದ ಆ ಹೊಟ್ಟೆಯಲ್ಲಿ ಅದನ್ನು ಕಂಡಾಗ ನನ್ನ ಕೈ ಒಂದು ಗಳಿಗೆ ನಿಂತಿತು.

ಮುಳ್ಳುಹಂದಿಯನ್ನು ಕೊಂದು ತಿಂದು ಜೀರ್ಣಿಸಿಕೊಳ್ಳುವ ಹುಲಿಗಳೂ ಇವೆ. ಹೇಗೆ ಹಿಡಿಯಬೇಕೆಂಬುದನ್ನು ಕಲಿಯಬೇಕು, ಕಲಿಯಲು ಸಮಯ ಬೇಕು. ಕಣ್ಣು ಮುಚ್ಚಿಕೊಂಡೇ ಹುಟ್ಟುವ ಮರಿ ಸುಮಾರು ಎರಡು ತಿಂಗಳಿಗೆ ಮಾಂಸದ ರುಚಿ ನೋಡುತ್ತದೆ. ಶಾಶ್ವತ ಕೋರೆಹಲ್ಲು ಬರಲು ವರ್ಷ ದಾಟಬೇಕು. ಅಲ್ಲಿಯವರೆಗೂ ತಾಯಿಯ ಬೇಟೆಯೇ ಗತಿ. ತಾಯಿ ಕೆಲವೊಮ್ಮೆ ಜಿಂಕೆಮರಿಯನ್ನು ಕೊಲ್ಲದೆ ಕೆಡವಿ, ಕೊಲ್ಲುವ ಕೆಲಸವನ್ನು ಮರಿಗಳಿಗೆ ಬಿಡುತ್ತಾಳೆ. ಒಂದೂವರೆ ಎರಡು ವರ್ಷಕ್ಕೆ ಮರಿಗಳು ತಾಯಿಯಿಂದ ಬೇರೆಯಾಗುತ್ತವೆ. ಅಷ್ಟು ದಿನ ಉಳಿಯುವುದೇ ದೊಡ್ಡದು. ನೇಪಾಳದ ಚಿತ್ವನದಲ್ಲಿ ನಡೆದ ದೀರ್ಘ ಅಧ್ಯಯನದಲ್ಲಿ ಮೂರರಲ್ಲಿ ಒಂದು ಮರಿ ಮೊದಲ ವರ್ಷದಲ್ಲೇ ಸತ್ತಿತ್ತು. ಹೊಸ ಗಂಡುಹುಲಿ ಆ ಜಾಗಕ್ಕೆ ಬಂದರೆ ಹಳೆಯ ಗಂಡಿನ ಮರಿಗಳನ್ನು ಕೊಲ್ಲುತ್ತದೆ.

ಬೇರೆಯಾದ ಹೆಣ್ಣುಮರಿ ತಾಯಿಯ ಪಕ್ಕದಲ್ಲೇ ಜಾಗ ಮಾಡಿಕೊಳ್ಳಲು ನೋಡುತ್ತದೆ, ಗಂಡು ದೂರ ಹೋಗುತ್ತದೆ. ನಾಗರಹೊಳೆಯಲ್ಲಿ 1990ರ ದಶಕದುದ್ದಕ್ಕೂ ಒಂಬತ್ತು ವರ್ಷ ಕ್ಯಾಮೆರಾ ಟ್ರ್ಯಾಪ್ (ಪ್ರಾಣಿ ಹಾದುಹೋದರೆ ತಾನಾಗಿ ಚಿತ್ರ ತೆಗೆಯುವ ಕ್ಯಾಮೆರಾ) ಇಟ್ಟು, ಪಟ್ಟೆಗಳಿಂದ ಒಂದೊಂದೇ ಹುಲಿಯನ್ನು ಗುರುತಿಸಿ ಲೆಕ್ಕ ಹಾಕಿದಾಗ, ವರ್ಷಕ್ಕೆ ಸುಮಾರು ನೂರಕ್ಕೆ 23ರಷ್ಟು ಹುಲಿಗಳು ಸತ್ತೋ ವಲಸೆ ಹೋಗಿಯೋ ಕಾಣೆಯಾಗುತ್ತಿದ್ದವು. ಅಷ್ಟಾದರೂ ಆ ಕಾಡಿನಲ್ಲಿ ಹುಲಿ ಸಮೃದ್ಧವಾಗಿಯೇ ಇತ್ತು. ಸುಮಾರು ನೂರಾ ಮೂರು ದಿನದ ಬಸಿರು, ಒಂದು ಸಲಕ್ಕೆ ಎರಡೋ ಮೂರೋ ಮರಿ, ತಾಯಿಗೆ ಹೊಟ್ಟೆತುಂಬ ಬೇಟೆ ಇದ್ದರೆ ನಷ್ಟ ತುಂಬಿಬಿಡುತ್ತದೆ.

ಎಲ್ಲ ಬಂದು ನಿಲ್ಲುವುದು ಆ ‘ಬೇಟೆ ಇದ್ದರೆ’ ಎಂಬಲ್ಲಿ. ಇರುವ ಪ್ರಾಣಿಗಳಲ್ಲಿ ವರ್ಷಕ್ಕೆ ಹತ್ತರಲ್ಲಿ ಒಂದನ್ನು ಹುಲಿ ತೆಗೆಯುತ್ತದೆ ಎಂದುಕೊಂಡರೆ, ಒಂದು ಹುಲಿ ಬಾಳಲು ಸುಮಾರು 500 ಜಿಂಕೆ, ಕಡವೆ, ಹಂದಿ, ಕಾಟಿಗಳಿರಬೇಕು. ಇವು ದಟ್ಟವಾಗಿರುವ ಕಾಡಿನಲ್ಲಿ ಹೆಣ್ಣುಹುಲಿಗೆ 15–20 ಚದರ ಕಿಲೊಮೀಟರ್ ಸಾಕು. ಬೇಟೆ ವಿರಳವಾದ ರಷ್ಯಾದ ಕಾಡಿನಲ್ಲಿ 400 ಚದರ ಕಿಲೊಮೀಟರ್ ಬೇಕಾಗುತ್ತದೆ. ಜಿಂಕೆಯೇ ಇಲ್ಲದ ಕಾಡಿಗೆ ಹುಲಿ ತಂದು ಬಿಟ್ಟರೆ ಏನೂ ಉಪಯೋಗವಿಲ್ಲ. ಹುಲಿ ಉಳಿಸುವವರು ಮೊದಲು ಜಿಂಕೆಯ ಮಾಂಸಕ್ಕೆ ಹಾಕುವ ಉರುಳು ಕಿತ್ತು ತೆಗೆಯಬೇಕು.

ಗಾಯಗೊಂಡ ಹುಲಿ, ಹಲ್ಲು ಸವೆದ ಮುದಿ ಹುಲಿ, ಜಾಗ ಸಿಗದ ಎರಡು ವರ್ಷದ ಗಂಡು ಕಾಡಿನ ಅಂಚಿಗೆ ಬಂದು ಸೇರುತ್ತವೆ. 1907ರಲ್ಲಿ ಬೇಟೆಗಾರ ಜಿಮ್ ಕಾರ್ಬೆಟ್ ಕೊಂದ, ಹಿಮಾಲಯದ ತಪ್ಪಲಿನ ಚಂಪಾವತದ ನರಭಕ್ಷಕ ಹೆಣ್ಣುಹುಲಿಯ ಬಲಭಾಗದ ಎರಡೂ ಕೋರೆಗಳು ಹಳೆಯ ಗುಂಡೇಟಿನಿಂದ ಮುರಿದಿದ್ದವು. ಎಲ್ಲ ಗಾಯಾಳುಗಳೂ ಮನುಷ್ಯನ ಮೇಲೆ ಬರುವುದಿಲ್ಲ. ಹೆಚ್ಚಿನವು ದನ ಹಿಡಿಯುತ್ತವೆ. ಹುಲಿಯ ಲೆಕ್ಕದಲ್ಲಿ ದನ ಎಂದರೆ ಕೂಗಿ ಎಚ್ಚರಿಸದ, ಓಡಲು ತಿಳಿಯದ, ಅಪಾಯ ಕಡಿಮೆಯಿರುವ ಬೇಟೆ. ಸಾಕಿದವರಿಗೆ ಅದು ಮನೆಯ ಜೀವ, ದುಡಿಮೆ ಎರಡೂ. ಅವರ ಸಿಟ್ಟು ಸುಳ್ಳಲ್ಲ. ಪರಿಹಾರ ವಾರಗಟ್ಟಲೆ ತಡವಾದರೆ ನಾನೂ ಅವರ ಪಕ್ಷವೇ.

ಆದರೆ ಹಸು ಸತ್ತ ಮರುದಿನ ಏನು ಮಾಡುತ್ತೇವೆ ಎಂಬುದರ ಮೇಲೆ ಬಹಳ ನಿಂತಿದೆ. ಕಳೇಬರವನ್ನು ಎಳೆದು ಹೂತುಬಿಟ್ಟರೆ ಹುಲಿ ಅರೆಹೊಟ್ಟೆಯಲ್ಲಿ ಮತ್ತೊಂದು ದನ ಹುಡುಕುತ್ತದೆ. ಪರೀಕ್ಷೆ ಮುಗಿಸಿ ಅದು ಕೊಂದಲ್ಲೇ ಬಿಟ್ಟು, ಜನ ಸುತ್ತುಗಟ್ಟದಂತೆ ಕಾವಲಿಟ್ಟರೆ ತಿಂದು ಮುಗಿಸಿ ಕಾಡಿಗೆ ಮರಳುವ ಅವಕಾಶ ಹೆಚ್ಚು. ಕಾವಲು ಇನ್ನೊಂದು ಕಾರಣಕ್ಕೂ ಬೇಕು. ತನ್ನ ಬೇಟೆಗೆ ಹುಲಿ ಮರಳಿ ಬರುತ್ತದೆ ಎಂದು ತಿಳಿದವರೇ ಕಳೇಬರಕ್ಕೆ ವಿಷ ಹಾಕುತ್ತಾರೆ. ಎರಡನೇ ರಾತ್ರಿ ಮರಿಗಳಿರುವ ಹೆಣ್ಣುಹುಲಿ ಒಬ್ಬಳೇ ಬರುವುದಿಲ್ಲ. ಪೊದೆಯಲ್ಲಿ ಅಡಗಿಸಿಟ್ಟ ಮರಿಗಳನ್ನು ಕರೆದುಕೊಂಡು ಬರುತ್ತಾಳೆ, ಅವು ತಿನ್ನುವುದನ್ನು ನೋಡುತ್ತ ಪಕ್ಕದಲ್ಲಿ ಮಲಗಿರುತ್ತಾಳೆ.