ಬೆಂಗಳೂರಿನ ಬಿಸಿಲು ಕುಡಿದ ಪೀಪಾಯಿ

ಬಟ್ಟಿ ಇಳಿಸಿದ ದಿನ ವಿಸ್ಕಿಗೆ ಬಣ್ಣವೇ ಇರುವುದಿಲ್ಲ. ನೀರಿನಷ್ಟು ತಿಳಿ; ಮೂಗಿನ ಬಳಿ ಹಿಡಿದರೆ ಘಾಟು. ಹೊನ್ನಿನ ಬಣ್ಣ ಬರುವುದು ಒಳಮೈ ಸುಟ್ಟ ಓಕ್ ಮರದ ಪೀಪಾಯಿಯಿಂದ. ಪರಿಮಳದ ಬಹುಪಾಲೂ ಅಲ್ಲಿಂದಲೇ. ಬೆಂಕಿ ತಾಗಿದಾಗ ಮರಕ್ಕೆ ಗಟ್ಟಿತನ ಕೊಡುವ ಲಿಗ್ನಿನ್ ಒಡೆದು ವೆನಿಲ್ಲಾದ ಪರಿಮಳವಿರುವ ವೆನಿಲಿನ್ ಆಗುತ್ತದೆ; ಓಕ್‌ನ ಲ್ಯಾಕ್ಟೋನ್‌ಗಳು ಕೊಬ್ಬರಿಯ ವಾಸನೆ ಕೊಡುತ್ತವೆ. ಸೆಕೆಗೆ ಹಿಗ್ಗಿದ ಮದ್ಯ ಮರದೊಳಗೆ ಇಳಿಯುತ್ತದೆ, ತಂಪಿಗೆ ಕುಗ್ಗಿ ಆ ಸಾರದೊಂದಿಗೆ ಹೊರಬರುತ್ತದೆ.

ಇದೇ ಉಸಿರಾಟದಲ್ಲಿ ಒಂದಷ್ಟು ಮದ್ಯ ಆವಿಯಾಗಿ ಹೋಗುತ್ತದೆ. ಸ್ಕಾಟ್ಲೆಂಡಿನವರು ಅದನ್ನು ದೇವದೂತರ ಪಾಲು ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ಅದು ವರ್ಷಕ್ಕೆ ಸುಮಾರು ಶೇ 2. ಮೈಸೂರು ರಸ್ತೆಯ ಕಂಬೀಪುರದಲ್ಲಿರುವ ಅಮೃತ್ ಡಿಸ್ಟಿಲರಿಯ ಉಗ್ರಾಣದಲ್ಲಿ ಶೇ 10ರಿಂದ 12. ಲೆಕ್ಕ ಹಾಕಿ ನೋಡಿ: 12 ವರ್ಷ ಇಟ್ಟ 100 ಲೀಟರ್ ಅಲ್ಲಿ 78 ಲೀಟರ್ ಆಗಿ ಉಳಿದರೆ, ಇಲ್ಲಿ ಉಳಿಯುವುದು ಹೆಚ್ಚುಕಡಿಮೆ 25. ಅಮೃತ್ ತನ್ನ 8 ವರ್ಷದ ವಿಸ್ಕಿಯೊಂದಕ್ಕೆ ‘ಗ್ರೀಡಿ ಏಂಜೆಲ್ಸ್’, ಅಂದರೆ ದುರಾಸೆಯ ದೇವದೂತರು, ಎಂದು ಹೆಸರಿಟ್ಟದ್ದು ಇದೇ ಕಾರಣಕ್ಕೆ.

ಆದ್ದರಿಂದ ಬಾಟಲಿಯ ಮೇಲಿನ ವರ್ಷಗಳನ್ನು ಎಣಿಸಿ ವಿಸ್ಕಿಗೆ ಬೆಲೆ ಕಟ್ಟುವುದು ತಪ್ಪು ಎಂದೇ ನನ್ನ ನಂಬಿಕೆ. ಸೆಕೆಯ ನಾಡಿನಲ್ಲಿ ಮರ ತನ್ನ ಸಾರವನ್ನು ಬೇಗ ಬಿಟ್ಟುಕೊಡುತ್ತದೆ. ಹೆಚ್ಚು ಕಾಲ ಇಟ್ಟರೆ ಒಗರೇ ಮೇಲಾಗುವ ಅಪಾಯವೂ ಇದೆ. ಈ ಮಾತು ಈಗ ಮುಖ್ಯ. 2025ರ ಜುಲೈ 24ರಂದು ಸಹಿಯಾದ ಭಾರತ–ಬ್ರಿಟನ್ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿಯ ಮೇಲಿನ ಆಮದು ಸುಂಕ ಶೇ 150ರಿಂದ ಮೊದಲು 75ಕ್ಕೆ, ಹತ್ತು ವರ್ಷಗಳಲ್ಲಿ 40ಕ್ಕೆ ಇಳಿಯಬೇಕು. 12, 18 ಎಂಬ ಅಂಕಿ ಹೊತ್ತ ಬಾಟಲಿಗಳ ಪಕ್ಕದಲ್ಲಿ ವಯಸ್ಸೇ ಬರೆಯದ ನಮ್ಮ ಬಾಟಲಿ ನಿಲ್ಲಬೇಕಾಗುತ್ತದೆ. ನಿಲ್ಲಬಲ್ಲದು. 2004ರಲ್ಲಿ ಅಮೃತ್ ತನ್ನ ಸಿಂಗಲ್ ಮಾಲ್ಟ್ ಅನ್ನು, ಅಂದರೆ ಒಂದೇ ಡಿಸ್ಟಿಲರಿಯಲ್ಲಿ ಮೊಳಕೆ ಬರಿಸಿದ ಬಾರ್ಲಿಯಿಂದಷ್ಟೇ ಮಾಡಿದ ವಿಸ್ಕಿಯನ್ನು, ಮೊದಲು ಬಿಡುಗಡೆ ಮಾಡಿದ್ದೇ ಗ್ಲಾಸ್ಗೋದಲ್ಲಿ, ಸ್ಕಾಚ್ ಬಲ್ಲವರ ನಾಲಿಗೆಯ ಮುಂದೆ.

ನಾಲಿಗೆ ಎಂದೆ, ನಿಜವಾಗಿ ಅದು ಮೂಗಿನ ಕೆಲಸ. ನಾಲಿಗೆಗೆ ತಿಳಿಯುವುದು ಸಿಹಿ, ಹುಳಿ, ಕಹಿಯಂಥ ಕೆಲವೇ ರುಚಿಗಳು. ಹೊಗೆ, ಹಣ್ಣು, ಜೇನು ಎಂದು ನಾವು ಗುರುತಿಸುವುದೆಲ್ಲ ಗಂಟಲಿನ ಹಿಂದಿನಿಂದ ಮೂಗಿಗೆ ಏರುವ ಆವಿ. ರುಚಿ ನೋಡುವವರು ಬಾಯಿ ಕಿರಿದಾದ ಲೋಟ ಹಿಡಿಯುವುದೂ ಆ ಆವಿಯನ್ನು ಒಂದೆಡೆ ಕೂಡಿಸಲಿಕ್ಕೇ.

ನೀರು ಬೆರೆಸುವುದು ಅಪಚಾರವೆಂದು ಹೇಳುವವರಿದ್ದಾರೆ. ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ವಿಜ್ಞಾನಿಗಳು 2017ರಲ್ಲಿ ಇದನ್ನು ಕಂಪ್ಯೂಟರ್ ಮಾದರಿಯಲ್ಲಿ ಪರೀಕ್ಷಿಸಿದರು. ಹೊಗೆಯ ವಾಸನೆ ಕೊಡುವ ಗ್ವಾಯಕಾಲ್ ಎಂಬ ಅಣು, ಆಲ್ಕೋಹಾಲ್ ಶೇ 45ರ ಒಳಗಿದ್ದರೆ ದ್ರವದ ಮೇಲ್ಮೈಗೆ ಬಂದು ಸೇರುತ್ತದೆ. 59 ಮೀರಿದರೆ ಆಲ್ಕೋಹಾಲ್ ಅದನ್ನು ಸುತ್ತುವರಿದು ಒಳಕ್ಕೆಳೆಯುತ್ತದೆ. ಭಾರತದ ಬಾರ್ಲಿಯನ್ನೂ ಪೀಟ್ ಎಂಬ ಜೌಗುಮಣ್ಣನ್ನು ಸುಟ್ಟ ಹೊಗೆ ಹಿಡಿಸಿದ ಸ್ಕಾಟ್ಲೆಂಡಿನ ಬಾರ್ಲಿಯನ್ನೂ ಬಳಸಿ ಮಾಡುವ ಅಮೃತ್ ಫ್ಯೂಷನ್‌ನಲ್ಲಿ ಆಲ್ಕೋಹಾಲ್ ಶೇ 50. ಅದರ 30 ಮಿಲಿಲೀಟರ್‌ಗೆ ಒಂದು ಟೀ ಚಮಚ ನೀರು ಬಿದ್ದರೆ 43ಕ್ಕೆ ಇಳಿಯುತ್ತದೆ. ಒಂದು ನಿಮಿಷ ಬಿಟ್ಟು ಮೂಸಿದರೆ ಮೊದಲಿನ ಘಾಟು ಹಿಂದೆ ಸರಿದಿರುತ್ತದೆ, ಹೊಗೆ ಮುಂದೆ ಬಂದಿರುತ್ತದೆ.

ಕುಡಿದ ಲೋಟವನ್ನು ತೊಳೆಯದೆ ಹಾಗೆಯೇ ಇಟ್ಟು ಮರುದಿನ ಬೆಳಿಗ್ಗೆ ಮೂಸಿ. ಆಲ್ಕೋಹಾಲ್ ಅಷ್ಟರಲ್ಲಿ ಹಾರಿಹೋಗಿರುತ್ತದೆ. ತಳದಲ್ಲಿ ಒಣಗಿದ ಕಂದು ಕಲೆಯಲ್ಲಿ ಉಳಿದಿರುವುದು ಅಷ್ಟು ಸುಲಭವಾಗಿ ಆವಿಯಾಗದ ಅಣುಗಳು: ವೆನಿಲ್ಲಾ, ಸುಟ್ಟ ಮರ, ಸ್ವಲ್ಪ ಬೂದಿ.