ಐದು ಸಾವಿರ ಹೆಸರಿರುವ ಪೇಪರ್‌ನಲ್ಲಿ ಯಾರಿಗೆ ಯಾರು ಜೊತೆಗಾರರು?

ಪ್ರಶ್ನೆ: ವಿಜ್ಞಾನಿಗಳ ಸಹಯೋಗದ ನೆಟ್‌ವರ್ಕ್‌ನಲ್ಲಿ, ಒಟ್ಟಿಗೆ ಸಂಶೋಧನಾ ಪೇಪರ್ ಬರೆದ ಪ್ರತಿ ಇಬ್ಬರ ನಡುವೆ ಒಂದು ಗೆರೆ ಎಳೀತಾರಂತೆ. ಒಂದೇ ಪೇಪರ್‌ಗೆ ಸಾವಿರಾರು ಲೇಖಕರಿದ್ದರೆ ಲೆಕ್ಕ ಕೆಡುವುದಿಲ್ಲವೇ?

ಕೆಡುತ್ತದೆ, ಚೆನ್ನಾಗೇ ಕೆಡುತ್ತದೆ. 2015ರಲ್ಲಿ ಯುರೋಪಿನ ಕಣಭೌತ ಪ್ರಯೋಗಾಲಯ ಸರ್ನ್‌ನ ಅಟ್ಲಾಸ್ ಮತ್ತು ಸಿಎಂಎಸ್ ತಂಡಗಳು ಹಿಗ್ಸ್ ಬೋಸಾನ್ ಅನ್ನುವ ಮೂಲಕಣದ ದ್ರವ್ಯರಾಶಿ ಬಗ್ಗೆ ಸೇರಿ ಬರೆದ ಪೇಪರ್‌ಗೆ 5,154 ಲೇಖಕರು. 33 ಪುಟಗಳಲ್ಲಿ ವಿಷಯಕ್ಕೆ ಸಿಕ್ಕಿದ್ದು 9 ಪುಟ, ಮಿಕ್ಕಿದ್ದೆಲ್ಲ ಹೆಸರು ಮತ್ತು ಸಂಸ್ಥೆಗಳ ಪಟ್ಟಿ! ಸುಮ್ನೆ ಗೆರೆ ಎಳೆಯುತ್ತಾ ಹೋದರೆ ಈ ಒಂದು ಪೇಪರ್‌ನಿಂದಲೇ 1 ಕೋಟಿ 32 ಲಕ್ಷಕ್ಕೂ ಜಾಸ್ತಿ ಗೆರೆ ಬೀಳುತ್ತವೆ. ಒಂದೇ ಮದುವೆಯಲ್ಲಿ ಊಟ ಮಾಡಿದವರೆಲ್ಲ ನೆಂಟರಾಗಿಬಿಡುವುದಿಲ್ಲ, ಅಲ್ವಾ?

ಇದಕ್ಕೆ ಭೌತವಿಜ್ಞಾನಿ ಮಾರ್ಕ್ ನ್ಯೂಮನ್ 2001ರಲ್ಲಿ ಒಂದು ಸುಲಭದ ದಾರಿ ಹೇಳಿದರು. ಗೆರೆಗೆ ತೂಕ ಕೊಡಿ. ಲೇಖಕರ ಸಂಖ್ಯೆಯಲ್ಲಿ ಒಂದು ಕಳೆದು, ಬಂದದ್ದರಿಂದ 1ನ್ನು ಭಾಗಿಸಿ, ಅಷ್ಟೇ. ನೀವು ಒಬ್ಬರ ಜೊತೆ ಸೇರಿ ಒಂದು ಪೇಪರ್ ಬರೆದಿರಿ ಅನ್ನಿ, ನಿಮ್ಮಿಬ್ಬರ ಗೆರೆಗೆ 1. ಮುಂದಿನ ಪೇಪರ್‌ಗೆ ಮೂರನೆಯವರೂ ಸೇರಿಕೊಂಡರು, ಆಗ ಇಬ್ಬರಿಗೂ ತಲಾ ಅರ್ಧ. ಹಳೆಯ ಜೊತೆಗಾರರ ಜೊತೆ ಈಗ ಒಂದೂವರೆ, ಹೊಸಬರ ಜೊತೆ ಅರ್ಧ. ಕೂಡಿಸಿದರೆ 2, ನೀವು ಜೊತೆಯಾಗಿ ಬರೆದ ಪೇಪರ್‌ಗಳೂ ಎರಡೇ! ಈ ಹೊಂದಾಣಿಕೆ ನನಗೆ ತುಂಬಾ ಇಷ್ಟ. ಸರ್ನ್ ಪೇಪರ್‌ನಲ್ಲಾದರೆ ಒಂದು ಗೆರೆಗೆ ಸಿಗುವುದು 5,153ರಲ್ಲಿ ಒಂದು ಪಾಲು.

ಪೂರ್ತಿ ನ್ಯಾಯ ಅಂತ ಹೇಳಲಾರೆ. ರಾತ್ರಿಯೆಲ್ಲ ಕೂತು ಲೆಕ್ಕ ಮಾಡಿದವರಿಗೂ ಉಪಕರಣ ಕೊಟ್ಟು ಹೆಸರು ಹಾಕಿಸಿಕೊಂಡವರಿಗೂ ಇಲ್ಲಿ ಒಂದೇ ತೂಕ.

ಇನ್ನೊಂದು ತೊಡಕಿದೆ, ಅದು ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಮೂವರು ಸೇರಿ ಬರೆದ ಪೇಪರ್ ತಾನಾಗೇ ಒಂದು ತ್ರಿಕೋನ ಆಗುತ್ತದೆ. ಹಾಗಾಗಿ ತ್ರಿಕೋನಗಳನ್ನು ಎಣಿಸಿ 'ನೋಡಿ, ವಿಜ್ಞಾನಿಗಳು ತಮ್ಮ ಜೊತೆಗಾರರನ್ನು ಪರಸ್ಪರ ಪರಿಚಯ ಮಾಡಿಸುತ್ತಾರೆ' ಅಂದರೆ ಒಪ್ಪಬೇಡಿ. ನ್ಯೂಮನ್, ಗಣಿತಜ್ಞ ಸ್ಟೀವನ್ ಸ್ಟ್ರೋಗಾಟ್ಸ್ ಮತ್ತು ಸಮಾಜವಿಜ್ಞಾನಿ ಡಂಕನ್ ವಾಟ್ಸ್ ಇದನ್ನು ಹೀಗೆ ಪರೀಕ್ಷಿಸಿದರು: ಒಂದು ಕಡೆ ಪೇಪರ್‌ಗಳು, ಇನ್ನೊಂದು ಕಡೆ ಲೇಖಕರು. ಯಾರು ಎಷ್ಟು ಬರೆದರು, ಯಾವುದಕ್ಕೆ ಎಷ್ಟು ಜನ ಅನ್ನುವುದನ್ನು ಹಾಗೇ ಇಟ್ಟು, ಯಾರಿಗೆ ಯಾವ ಪೇಪರ್ ಅನ್ನುವುದನ್ನು ಮಾತ್ರ ಅದೃಷ್ಟಕ್ಕೆ ಬಿಟ್ಟರೆ ಎಷ್ಟು ತ್ರಿಕೋನ ಬರಬೇಕು ಅಂತ ಲೆಕ್ಕ ಹಾಕಿದರು. ಭೌತವಿಜ್ಞಾನಿಗಳ ನೆಟ್‌ವರ್ಕ್‌ನಲ್ಲಿ ನಿಜವಾಗಿ ಕಂಡ ತ್ರಿಕೋನಗಳ ಪ್ರಮಾಣ ಅದರ ಎರಡು ಪಟ್ಟಿಗಿಂತ ಜಾಸ್ತಿ ಇತ್ತು. ಪರಿಚಯ, ಶಿಫಾರಸು, ಒಂದೇ ಲ್ಯಾಬು ಅನ್ನುವ ಮಾತೆಲ್ಲ ಬರುವುದು ಆ ಮಿಕ್ಕ ಪಾಲಿನಲ್ಲಿ.