ಬಗ್ಯಾಸಿಗೆ ಏಪ್ರಿಲ್, ಹೈಡ್ರೋಜನ್‌ಗೆ ಆಷಾಢ

ಕಬ್ಬಿನ ಬಿಲ್ಲು ಯಾವಾಗ, ಕಟಾವಿಗೆ ಗ್ಯಾಂಗ್ ಯಾವಾಗ ಎಂದು ಕೇಳುತ್ತಿದ್ದ ಮುಧೋಳ, ಜಮಖಂಡಿ ಕಡೆಯ ರೈತರು ಈಗ ಇನ್ನೊಂದು ಪ್ರಶ್ನೆ ಹಿಡಿದು ಬರುತ್ತಿದ್ದಾರೆ: "ಸಾಹೇಬ್ರ, ಮುಂದ ಎಲ್ಲಾ ಹೈಡ್ರೋಜನ್ ಮ್ಯಾಲೇ ನಡೀತೈತಂತಲ್ರೀ, ಹಂಗಾರ ನಮ್ಮ ಬಗ್ಯಾಸಿಗೆ ಕಿಮ್ಮತ್ತ ಉಳಿಯೂದಿಲ್ಲೇನ್ರಿ?" ಸಕ್ಕರೆ ಕಾರ್ಖಾನೆಯ ಸಹವಿದ್ಯುತ್ ಘಟಕದಲ್ಲಿ, ಅಂದರೆ ಕಬ್ಬು ಅರೆದ ಮೇಲೆ ಉಳಿಯುವ ಸಿಪ್ಪೆಯಾದ ಬಗ್ಯಾಸ್ ಉರಿಸಿ ಕರೆಂಟ್ ಮಾಡುವಲ್ಲಿ, ಬಾಯ್ಲರ್, ಟರ್ಬೈನ್ ನೋಡಿಕೊಳ್ಳುವವನು ನಾನು. ಬಗ್ಯಾಸಿನ ಕಿಮ್ಮತ್ತು ಏರಬೇಕು ಎಂಬುದೇ ನನ್ನ ಉತ್ತರ. ಆದರೆ ಅದನ್ನು ಯಾವ ತಿಂಗಳು ಉರಿಸುತ್ತೇವೆ ಎನ್ನುವುದು ಮುಖ್ಯ.

ಮೊದಲು ಹೈಡ್ರೋಜನ್ ಲೆಕ್ಕ. ನೀರನ್ನು ವಿದ್ಯುತ್ತಿನಿಂದ ಒಡೆದು ಒಂದು ಕಿಲೋ ಹೈಡ್ರೋಜನ್ ಪಡೆಯಲು ಇಂದಿನ ಎಲೆಕ್ಟ್ರೊಲೈಸರ್‌ಗೆ 50ರಿಂದ 55 ಯುನಿಟ್ ಬೇಕು. ಆ ಕಿಲೋದಲ್ಲಿ ಉಳಿಯುವ ಶಕ್ತಿ ಸುಮಾರು 33 ಯುನಿಟ್. ಅದನ್ನು ಒತ್ತಡದಲ್ಲಿ ತುಂಬಿಟ್ಟು, ಫ್ಯೂಯೆಲ್ ಸೆಲ್‌ನಲ್ಲಿ ಮತ್ತೆ ಕರೆಂಟ್ ಮಾಡಿದರೆ 16-17 ಯುನಿಟ್ ಕೈಗೆ ಬರುತ್ತದೆ. ನೂರು ಕೊಟ್ಟು ಮೂವತ್ತು ವಾಪಸ್ ಪಡೆದಂತೆ. ಬ್ಯಾಟರಿ 85ರ ಆಸುಪಾಸು ಮರಳಿಸುತ್ತದೆ, ನೀರನ್ನು ಮೇಲಕ್ಕೆತ್ತಿ ಇಳಿಸುವ ಪಂಪ್ಡ್ ಸ್ಟೋರೇಜ್ 75ರಿಂದ 80. ಹಾಗಾಗಿ ರಾತ್ರಿಯ ದೀಪಕ್ಕಾಗಿ ಹೈಡ್ರೋಜನ್ ಮಾಡುವುದನ್ನು ನಾನು ಒಪ್ಪುವುದಿಲ್ಲ. ಕರೆಂಟಿನಿಂದ ನೇರವಾಗಿ ಆಗದ ಕೆಲಸಗಳಿವೆ: ಯೂರಿಯಾಕ್ಕೆ ಬೇಕಾದ ಅಮೋನಿಯಾ, ತೈಲ ಸಂಸ್ಕರಣೆ, ಅದಿರಿನಿಂದ ಉಕ್ಕು. ಹೈಡ್ರೋಜನ್ನಿನ ಜಾಗ ಅಲ್ಲಿ. 2023ರ ಜನವರಿಯಲ್ಲಿ ಕೇಂದ್ರ ಸಂಪುಟ 19,744 ಕೋಟಿ ರೂಪಾಯಿಯ ರಾಷ್ಟ್ರೀಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಿತು. 2030ರೊಳಗೆ ವರ್ಷಕ್ಕೆ 50 ಲಕ್ಷ ಟನ್ ತಯಾರಿಸುವ ಗುರಿ ಅದರದು.

ಬಗ್ಯಾಸಿನ ಗುಣವೇ ಬೇರೆ. ಅದು ರಾಶಿ ಹಾಕಿಟ್ಟ ಬಿಸಿಲು. ನೂರು ಟನ್ ಕಬ್ಬು ಅರೆದರೆ 28ರಿಂದ 30 ಟನ್ ಬಗ್ಯಾಸ್, ಅದರಲ್ಲಿ ಅರ್ಧದಷ್ಟು ನೀರೇ. ಅಷ್ಟು ತೇವವಿದ್ದರೂ ಒಂದು ಕಿಲೋ ಬಗ್ಯಾಸಿಗೆ ಎರಡು ಕಿಲೋಗಿಂತ ತುಸು ಹೆಚ್ಚೇ ಉಗಿ ಏಳುತ್ತದೆ. 21 ಬಾರ್ ಒತ್ತಡದ ಹಳೇ ಬಾಯ್ಲರ್‌ಗಳ ಕಾಲದಲ್ಲಿ ಕಾರ್ಖಾನೆ ತನ್ನ ಖರ್ಚಿನಷ್ಟು ಕರೆಂಟ್ ಮಾಡಿಕೊಂಡರೆ ಸಾಕು ಅನ್ನುತ್ತಿದ್ದರು. ಈಗಿನ 110 ಬಾರ್ ಬಾಯ್ಲರ್‌ಗಳಲ್ಲಿ ಟನ್ ಕಬ್ಬಿಗೆ ನೂರಕ್ಕೂ ಹೆಚ್ಚು ಯುನಿಟ್ ಹುಟ್ಟುತ್ತದೆ. ಕಾರ್ಖಾನೆಗೆ ಬೇಕಾದದ್ದು ಕಳೆದು ಉಳಿದದ್ದೆಲ್ಲ ಗ್ರಿಡ್‌ಗೆ.

ನಮ್ಮ ಭಾಗದ ವಿದ್ಯುತ್ ಪಂಚಾಂಗ ನೋಡಿ. ಗಾಳಿಯಂತ್ರಗಳಿಗೆ ಸುಗ್ಗಿ ಜೂನ್‌ನಿಂದ ಸೆಪ್ಟೆಂಬರ್. ಆಲಮಟ್ಟಿಯ 290 ಮೆಗಾವ್ಯಾಟ್ ಜಲವಿದ್ಯುತ್ ಘಟಕಕ್ಕೂ ನೀರಿನ ಭರಾಟೆ ಅದೇ ಹೊತ್ತಿಗೆ. ಕಬ್ಬಿನ ಹಂಗಾಮು ದೀಪಾವಳಿ ಆಸುಪಾಸಿನಿಂದ ಫೆಬ್ರುವರಿ, ಮಾರ್ಚ್‌ವರೆಗೆ. ಆಮೇಲೆ ಬರುವ ಏಪ್ರಿಲ್, ಮೇ? ಗಾಳಿ ಇನ್ನೂ ಎದ್ದಿರುವುದಿಲ್ಲ, ಜಲಾಶಯ ತಳ ಹಿಡಿದಿರುತ್ತದೆ, ಪಂಪ್‌ಸೆಟ್ ನಿಲ್ಲಿಸುವಂತಿಲ್ಲ, ಮನೆಮನೆಯಲ್ಲಿ ಫ್ಯಾನು, ಕೂಲರ್. ಹಗಲಿಗೆ ಸೌರವಿದ್ಯುತ್ ಇದೆ. ಸೂರ್ಯ ಮುಳುಗಿದ ಮೇಲೆ ಭಾರವೆಲ್ಲ ಕೂಡಗಿಯ 2,400 ಮೆಗಾವ್ಯಾಟ್ ಸ್ಥಾವರದಂಥ ಕಲ್ಲಿದ್ದಲು ಘಟಕಗಳ ಮೇಲೆ.

ಬಗ್ಯಾಸ್ ಉಳಿಸಿಟ್ಟು ಉರಿಸಬೇಕಾದದ್ದು ಈ ಎರಡು ತಿಂಗಳಲ್ಲಿ. ಸಂಜೆ ಮಾತ್ರ ಹಚ್ಚಿ ರಾತ್ರಿ ಆರಿಸಿ ಎಂದು ಕೆಲವರು ಸಲಹೆ ಕೊಡುತ್ತಾರೆ. ಹೆಚ್ಚಿನ ಒತ್ತಡದ ಬಾಯ್ಲರ್ ಅದಕ್ಕೆ ಒಗ್ಗದು. ತಣ್ಣಗಾದದ್ದನ್ನು ನಿಧಾನವಾಗಿ ಕಾಯಿಸಬೇಕು, ಅವಸರ ಮಾಡಿದರೆ ಡ್ರಮ್ಮು, ಟ್ಯೂಬು ಬಿರುಕು ಬಿಡುತ್ತವೆ. ಹಚ್ಚಿದರೆ ವಾರಗಟ್ಟಲೆ ನಡೆಸಬೇಕು, ಹಗಲು ಲೋಡ್ ತಗ್ಗಿಸಿ ಸಂಜೆ ಏರಿಸಬೇಕು. ದಾಸ್ತಾನಿನ ಕಷ್ಟವೂ ಸಣ್ಣದಲ್ಲ. ರಾಶಿ ಒಳಗೊಳಗೇ ಹುದುಗಿ ಬಿಸಿಯಾಗುತ್ತದೆ, ಬೇಸಗೆಯಲ್ಲಿ ಒಂದು ಕಿಡಿ ಸಾಕು. ಬಗ್ಯಾಸನ್ನು ಒತ್ತಿ ಬೇಲ್ (ಹೊರೆ) ಕಟ್ಟಿ, ಸಾಲುಗಳ ನಡುವೆ ಬೆಂಕಿವಾಹನ ಓಡಾಡುವಷ್ಟು ಜಾಗ ಬಿಡಬೇಕು.

ಬಗ್ಯಾಸ್ ಸಾಲದಿದ್ದರೆ ರವದಿ, ಅಂದರೆ ಕಬ್ಬಿನ ಒಣ ಗರಿ ಇದೆ. ಹೊಲದಲ್ಲೇ ಅದಕ್ಕೆ ಬೆಂಕಿ ಹಚ್ಚುವುದನ್ನು ಕಂಡಾಗ ಹೊಟ್ಟೆ ಉರಿಯುತ್ತದೆ. ಹಾಗೆಂದು ಪೂರ್ತಿ ಬಾಚಿ ತರಬಾರದು, ಕಡಿದ ಬುಡದಿಂದ ಮತ್ತೆ ಚಿಗುರುವ ಕುಳೆ ಬೆಳೆಗೆ ಅರ್ಧವಾದರೂ ಮುಚ್ಚಿಗೆಯಾಗಿ ನೆಲದಲ್ಲಿರಲಿ. ವಿಜಯಪುರದ ತೊಗರಿ ಕಟ್ಟಿಗೆಯೂ ಒಳ್ಳೆಯ ಇಂಧನ, ಮನೆಯ ಒಲೆಗೆ ಬೇಕಾದದ್ದು ಬಿಟ್ಟು ಉಳಿದರೆ. ಜೋಳದ ಕಣಿಕೆಯನ್ನು ಮಾತ್ರ ಯಾರೂ ಮುಟ್ಟಬಾರದು. ಅದು ದನಗಳ ಪಾಲು.

ಇನ್ನು ಹೈಡ್ರೋಜನ್‌ಗೂ ಕಬ್ಬಿಗೂ ನಂಟು ಬೆಳೆಯುವ ಒಂದು ಜಾಗವಿದೆ, ಡಿಸ್ಟಿಲರಿ. ಕಾಕಂಬಿಯ (ಸಕ್ಕರೆ ತೆಗೆದ ಮೇಲೆ ಉಳಿಯುವ ಕಪ್ಪು ಪಾಕ) ಸಕ್ಕರೆ ಹುಳಿತು ಎಥೆನಾಲ್ ಆಗುವಾಗ ಹೆಚ್ಚುಕಡಿಮೆ ಅಷ್ಟೇ ತೂಕದ ಇಂಗಾಲದ ಡೈಆಕ್ಸೈಡ್ ಹೊರಬರುತ್ತದೆ. ರಸಾಯನಶಾಸ್ತ್ರದ ಲೆಕ್ಕದಲ್ಲಿ 180 ಗ್ರಾಂ ಗ್ಲೂಕೋಸಿಗೆ 92 ಗ್ರಾಂ ಎಥೆನಾಲ್, 88 ಗ್ರಾಂ ಅನಿಲ. ಚಿಮಣಿ ಹೊಗೆಯಲ್ಲಿ ನೈಟ್ರೋಜನ್ನೇ ತುಂಬಿರುತ್ತದೆ, ಹುದುಗುವ ಟ್ಯಾಂಕಿನ ಈ ಅನಿಲ ಮಾತ್ರ ಬಹುತೇಕ ಶುದ್ಧ. ಇದಕ್ಕೆ ಹೈಡ್ರೋಜನ್ ಸೇರಿಸಿದರೆ ಮೆಥೆನಾಲ್. ಒಂದು ಟನ್ ಮೆಥೆನಾಲ್‌ಗೆ 1.4 ಟನ್‌ನಷ್ಟು ಡೈಆಕ್ಸೈಡ್, 190 ಕಿಲೋದಷ್ಟು ಹೈಡ್ರೋಜನ್ ಸಾಕು. ಹಡಗುಗಳೂ ಈಗ ಮೆಥೆನಾಲ್ ಮೇಲೆ ಓಡತೊಡಗಿವೆ.

ನೀರೆಲ್ಲಿದೆ ಎಂದು ಕೇಳುತ್ತೀರಿ, ಬರದ ಜಿಲ್ಲೆಯವರು ಕೇಳಲೇಬೇಕು. ಕಿಲೋ ಹೈಡ್ರೋಜನ್‌ಗೆ ಒಡೆಯುವ ನೀರು 9 ಲೀಟರ್, ಶುದ್ಧೀಕರಣ, ತಂಪು ಮಾಡುವಿಕೆ ಸೇರಿದರೆ ಇನ್ನೂ ಹೆಚ್ಚು. ಕಬ್ಬಿನ ತೂಕದಲ್ಲಿ ಸುಮಾರು 70 ಭಾಗ ನೀರೇ. ದಿನಕ್ಕೆ 5,000 ಟನ್ ಅರೆಯುವ ಕಾರ್ಖಾನೆಗೆ ಕಬ್ಬಿನ ಜೊತೆ 3,500 ಟನ್ ನೀರು ಬರುತ್ತದೆ, ರಸ ಕಾಯಿಸುವಾಗ ಅದರ ದೊಡ್ಡ ಪಾಲು ಕಂಡೆನ್ಸೇಟ್ (ಆವಿ ತಣಿದ ನೀರು) ಆಗಿ ಕೈಗೆ ಸಿಗುತ್ತದೆ. ಶುದ್ಧ ಮಾಡಿ ಕೂಡಿಟ್ಟರೆ ಕೃಷ್ಣೆಗೆ ಪೈಪು ಹಾಕಬೇಕಿಲ್ಲ. ನನಗೆ ಚಿಂತೆ ಕರೆಂಟಿನದು. ಯುನಿಟ್‌ಗೆ 5 ರೂಪಾಯಿ ಹಿಡಿದರೂ ಕಿಲೋ ಹೈಡ್ರೋಜನ್‌ಗೆ ವಿದ್ಯುತ್ ಖರ್ಚೇ 250ರಿಂದ 275 ರೂಪಾಯಿ. ಆಷಾಢದ ಗಾಳಿ ಬೀಸಿ ಗ್ರಿಡ್ ತುಂಬಿ, ಗಾಳಿಯಂತ್ರಗಳನ್ನು ತಡೆಹಿಡಿಯಬೇಕಾದ ಹೊತ್ತಿನಲ್ಲಿ ಅಗ್ಗದ ಕರೆಂಟ್ ಸಿಕ್ಕರೆ ಮಾತ್ರ ಲೆಕ್ಕ ಕೂಡುತ್ತದೆ. ಆಗ ಅರೆಯುವಿಕೆ ನಿಂತಿದ್ದರೂ ದಾಸ್ತಾನಿನ ಕಾಕಂಬಿ, ಮೆಕ್ಕೆಜೋಳದ ಮೇಲೆ ಡಿಸ್ಟಿಲರಿ ನಡೆದಿರುತ್ತದೆ. ಎಲೆಕ್ಟ್ರೊಲೈಸರ್ ನಾಲ್ಕೇ ತಿಂಗಳು ದುಡಿದರೆ ಬಂಡವಾಳ ಹುಟ್ಟುವುದೇ? ಇಂದಿನ ಬೆಲೆಗೆ ಕಷ್ಟ.

ಆದ್ದರಿಂದ ಮೊದಲು ಆಗಬೇಕಾದದ್ದು ವಿದ್ಯುತ್ ಖರೀದಿ ಒಪ್ಪಂದದ ತಿದ್ದುಪಡಿ. ಡಿಸೆಂಬರ್ ಮಧ್ಯಾಹ್ನದ ಯುನಿಟ್‌ಗೂ ಏಪ್ರಿಲ್ ಸಂಜೆಯ ಯುನಿಟ್‌ಗೂ ಒಂದೇ ದರವಿದ್ದರೆ ಯಾವ ಕಾರ್ಖಾನೆಯೂ ಬಗ್ಯಾಸ್ ಉಳಿಸುವ ಉಸಾಬರಿಗೆ ಹೋಗುವುದಿಲ್ಲ. ಏಪ್ರಿಲ್-ಮೇ ಸಂಜೆ 6ರಿಂದ 10ರವರೆಗಿನ ಯುನಿಟ್‌ಗೆ ಹೆಚ್ಚಿನ ದರ ಗೊತ್ತುಮಾಡಿ, ಅದರಲ್ಲೊಂದು ಪಾಲು ಕಬ್ಬಿನ ಬಿಲ್ಲಿಗೆ ಸೇರುವಂತೆ ಬರೆದರೆ, ಮುಂದಿನ ಹಂಗಾಮಿನಿಂದಲೇ ಬೇಲ್ ಕಟ್ಟಲು ಶುರು ಮಾಡಬಹುದು.